ಹಲ್ಲು ಬಂದರೂ ಬೆದೆಗೆ ಬಾರದ ಮಣಕ

ಜಾನುವಾರು ಸಂತೆಯಲ್ಲಿ ಎಮ್ಮೆ ಕೊಳ್ಳಲು ಬಂದವರು ಮೊದಲು ಮಾಡುವ ಕೆಲಸ ಬಾಯಿ ತೆರೆಸಿ ನೋಡುವುದು. ಹಾವೇರಿಯ ಸಂತೆಯಲ್ಲಿ ಅರ್ಧ ತಾಸು ನಿಂತರೆ ಸಾಕು, ಇದನ್ನು ಹತ್ತು ಸಲ ಕಾಣಬಹುದು. ಒಂದು ಕೈ ಮೂಗಿನ ಹೊಳ್ಳೆಯಲ್ಲಿ, ಇನ್ನೊಂದು ಕೈಯ ಹೆಬ್ಬೆರಳು ಕೆಳದುಟಿಯ ಮೇಲೆ. ತುಟಿ ಕೆಳಗೆ ಸರಿಯುತ್ತದೆ, ಹಾಲುಹಲ್ಲುಗಳ ನಡುವೆ ಅಗಲವಾದ ಎರಡು ಹೊಸ ಹಲ್ಲು ಹೊಳೆಯುತ್ತವೆ. 'ಎರಡು ಹಲ್ಲು' ಎಂದು ಕೊಳ್ಳುವವರು ಹೇಳಿದರೆ ವಯಸ್ಸಿನ ಮಾತು ಮುಗಿಯಿತು. ಎಮ್ಮೆಗೆ ಮೊದಲ ಜೋಡಿ ಹೊಸ ಹಲ್ಲು ಬರುವುದು ಸುಮಾರು ಎರಡೂವರೆಯಿಂದ ಮೂರು ವರ್ಷಕ್ಕೆ. ಆ ಲೆಕ್ಕ ಹೆಚ್ಚು ತಪ್ಪುವುದಿಲ್ಲ.

ತಪ್ಪುವುದು ಅದರ ಮುಂದಿನ ಲೆಕ್ಕ. ಎರಡು ಹಲ್ಲಾದ ಮಣಕ, ಅಂದರೆ ಇನ್ನೂ ಈಯದ ಎಮ್ಮೆ, ಇವತ್ತೋ ನಾಳೆಯೋ ಬೆದೆಗೆ ಬರುತ್ತದೆ, ವರ್ಷದೊಳಗೆ ಈಯುತ್ತದೆ ಎಂದುಕೊಂಡು ಹಣ ಎಣಿಸುತ್ತಾರೆ. ಅಣ್ಣಿಗೇರಿ ಕಡೆಯ ನಮ್ಮ ಊರಿನಲ್ಲಿ ಪಕ್ಕದ ಮನೆಯ ಕಾಕಾ ಒಂದು ಮಣಕವನ್ನು ಇದೇ ನಂಬಿಕೆಯಲ್ಲಿ ಕಟ್ಟಿಕೊಂಡು ಕುಳಿತಿದ್ದಾರೆ. ಹಲ್ಲು ಬಂದಿದೆ, ಕೋಡು ಬಂದಿದೆ, ಬೆದೆ ಬಂದಿಲ್ಲ. ಎರಡು ಸಲ ಪಶುವೈದ್ಯರನ್ನು ಕರೆಸಿದರು, ಒಂದು ಸಲ ಹರಕೆ ಹೊತ್ತರು. ಕೊನೆಗೆ ಊರಿಗೆ ಹೋಗಿದ್ದ ನನ್ನನ್ನು ಹಿಡಿದು, 'ತಮ್ಮಾ, ನೀನು ಇಂಥದ್ದನ್ನೆಲ್ಲ ಓದುತ್ತೀಯಲ್ಲ, ಇದಕ್ಕೇನಾಗಿದೆ ಹೇಳು' ಎಂದು ಕೇಳಿದರು.

ಹುಟ್ಟಿದ ಕಾಲ ಕೇಳಿದೆ. 2023ರ ಮಳೆಗಾಲ ಎಂದರು. ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು.

ಆ ವರ್ಷವನ್ನು ಈ ಭಾಗದವರಿಗೆ ನೆನಪಿಸಬೇಕಾಗಿಲ್ಲ. 1901ರಿಂದ ಲೆಕ್ಕ ಇಟ್ಟ ಆಗಸ್ಟ್‌ಗಳಲ್ಲಿ ದೇಶಕ್ಕೆ ಅತ್ಯಂತ ಕಡಿಮೆ ಮಳೆ ಬಿದ್ದದ್ದು 2023ರಲ್ಲಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಎರಿ ಭೂಮಿಯಲ್ಲಿ ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೇ ನಿಂತರೆ ಬೇಸಿಗೆಗೆ ಕಣಿಕೆ, ಅಂದರೆ ಒಣಗಿದ ಜೋಳದ ದಂಟಿನ ಮೇವು, ಎಲ್ಲಿಂದ ಬರಬೇಕು? ಹಾಲು ಕರೆಯುವ ಎಮ್ಮೆಗೇ ಮೇವು ಸಾಲದಿದ್ದಾಗ ಮೂಲೆಯಲ್ಲಿ ಕಟ್ಟಿದ ಕರುವಿನ ಪಾಲಿಗೆ ಬಂದದ್ದು ಗೋದಲಿಯ ತಳದ ಕಸ. ಬರ ಮುಗಿಯಿತು, ಪರಿಹಾರದ ಹಣ ಬಂತು, ಎಲ್ಲರೂ ಅದನ್ನು ಮರೆತರು. ಮರೆಯದೆ ಉಳಿದದ್ದು ಕರುವಿನ ಮೈ.

ಪ್ರಾಣಿ ಯಾವಾಗ ಪ್ರಾಯಕ್ಕೆ ಬರುತ್ತದೆ ಎಂಬುದನ್ನು ವಯಸ್ಸು ನಿರ್ಧರಿಸುತ್ತದೆ ಎಂದು ನಾವು ಸಹಜವಾಗಿ ಅಂದುಕೊಳ್ಳುತ್ತೇವೆ. ದನ, ಎಮ್ಮೆ, ಕುರಿಗಳಲ್ಲಿ ವಯಸ್ಸಿಗಿಂತ ತೂಕದ ಮಾತು ಹೆಚ್ಚು ನಡೆಯುತ್ತದೆ. ವಿದೇಶಿ ತಳಿಯ ಆಕಳ ಕಡಸು ಪೂರ್ತಿ ಬೆಳೆದ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮುಟ್ಟಿದಾಗ ಮೊದಲ ಬೆದೆ ತೋರಿಸುತ್ತದೆ. ನಮ್ಮ ನಾಡ ದನ ಮತ್ತು ಎಮ್ಮೆಗಳು ಇನ್ನೂ ಸ್ವಲ್ಪ ಮುಂದೆ ಹೋಗಬೇಕು. ನೂರರಲ್ಲಿ ಅರವತ್ತರಿಂದ ಅರವತ್ತೈದು ಪಾಲು ಎಂದಿಟ್ಟುಕೊಳ್ಳಬಹುದು. ಚೆನ್ನಾಗಿ ಮೇಯಿಸಿದ ಹೋಲ್‌ಸ್ಟೀನ್ ಕಡಸು ವರ್ಷದೊಳಗೇ ಆ ಗಡಿ ಮುಟ್ಟುತ್ತದೆ. ನಾಡ ಆಕಳಿಗೆ ಎರಡು ವರ್ಷ, ಕೆಲವೊಮ್ಮೆ ಮೂರು. ಎಮ್ಮೆಗೂ ಹಾಗೆಯೇ. ಈ ವ್ಯತ್ಯಾಸದಲ್ಲಿ ತಳಿಯ ಪಾಲಿದೆ, ನಿಜ. ಆದರೆ ಒಂದೇ ತಳಿಯೊಳಗೆ, ಒಂದೇ ಊರೊಳಗೆ ಒಂದು ಮಣಕ ಬೇಗ, ಇನ್ನೊಂದು ತಡವಾಗಿ ಬಂದರೆ ರಕ್ತಕ್ಕಿಂತ ಸಾಕಣೆಯನ್ನು ದೂರುವುದೇ ಸರಿ.

ಮೈಯ ತೂಕ ಮಿದುಳಿಗೆ ಹೇಗೆ ಗೊತ್ತಾಗುತ್ತದೆ? ಇದು ಬಹುಕಾಲ ಒಗಟಾಗಿತ್ತು. ಪ್ರಾಯದ ಗಂಟೆ ಬಾರಿಸುವುದು ಮಿದುಳಿನ ತಳದಲ್ಲಿರುವ ಹೈಪೋಥಾಲಮಸ್ ಎಂಬ ಸಣ್ಣ ಭಾಗ. ಅಲ್ಲಿಂದ ಹೊರಡುವ ಒಂದು ಹಾರ್ಮೋನು ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಅಂಡಾಶಯವನ್ನು ಎಬ್ಬಿಸುತ್ತದೆ. ಆ ಮೊದಲ ಹಾರ್ಮೋನನ್ನು ಬೇರ್ಪಡಿಸಿ ಅದರ ರಚನೆ ಹೇಳಿದ್ದು 1971ರಲ್ಲಿ. ಅದಕ್ಕಾಗಿ ದುಡಿದ ವಿಜ್ಞಾನಿಗಳಾದ ಶಾಲಿ ಮತ್ತು ಗಿಯ್ಮಾ 1977ರ ನೊಬೆಲ್‌ನಲ್ಲಿ ಪಾಲು ಪಡೆದರು. ವಿಚಿತ್ರವೆಂದರೆ ಈ ಇಡೀ ಏರ್ಪಾಡು ಎಳೆಗರುವಿನಲ್ಲಿಯೂ ಇದೆ, ಆದರೆ ಮಲಗಿದೆ. ಎಳೆಯ ಅಂಡಾಶಯ ಒಸರುವ ಚೂರು ಈಸ್ಟ್ರೋಜನ್ನೇ ಮಿದುಳಿಗೆ 'ಈಗಲೇ ಬೇಡ' ಎಂದು ಹೇಳಿ ತಡೆಯುತ್ತಿರುತ್ತದೆ. ಮೈ ತುಂಬುತ್ತ ಬಂದ ಹಾಗೆ ಆ ತಡೆಗೆ ಮಿದುಳು ಕಿವಿಗೊಡುವುದು ಕಡಿಮೆಯಾಗುತ್ತದೆ.

ಮೈ ತುಂಬಿದ ಸುದ್ದಿ ತಲುಪಿಸುವವರಲ್ಲಿ ಒಬ್ಬ ಅಂಚೆಯವನು ಸಿಕ್ಕಿದ್ದು 1994ರಲ್ಲಿ. ಅದರ ಹೆಸರು ಲೆಪ್ಟಿನ್. ಕೊಬ್ಬಿನ ಕೋಶಗಳು ಇದನ್ನು ರಕ್ತಕ್ಕೆ ಬಿಡುತ್ತವೆ. ಹುಟ್ಟಿನಿಂದ ಲೆಪ್ಟಿನ್ ಇಲ್ಲದ ಒಂದು ಜಾತಿಯ ಪ್ರಯೋಗಾಲಯದ ಇಲಿ ಇದೆ. ಉಬ್ಬಿ ಉಂಡೆಯಾಗಿರುತ್ತದೆ, ಆದರೆ ಮರಿ ಹಾಕುವುದಿಲ್ಲ. ಮೈಯಲ್ಲಿ ಕೊಬ್ಬು ಬೇಕಾದಷ್ಟಿದೆ, ಸುದ್ದಿ ಮಾತ್ರ ಮಿದುಳಿಗೆ ತಲುಪುತ್ತಿಲ್ಲ. 1996ರಲ್ಲಿ ಹೊರಗಿನಿಂದ ಲೆಪ್ಟಿನ್ ಚುಚ್ಚಿದಾಗ ಆ ಬಂಜೆ ಇಲಿಗಳು ಗಬ್ಬ ಕಟ್ಟಿದವು. ಲೆಪ್ಟಿನ್ ಒಂದೇ ಪ್ರಾಯ ತರುವುದಿಲ್ಲ. ಅದು ಅನುಮತಿ ಪತ್ರವಿದ್ದ ಹಾಗೆ: ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ, ಇದ್ದ ಮಾತ್ರಕ್ಕೆ ತೆರೆದುಕೊಳ್ಳುವುದೂ ಇಲ್ಲ. ಬಾಗಿಲ ಬಳಿ ನಿಂತಿರುವುದು ಮಿದುಳಿನೊಳಗಿನ ಇನ್ನೊಬ್ಬ ಅಂಚೆಯವನು, ಕಿಸ್‌ಪೆಪ್ಟಿನ್. ಅದರ ಜೀನ್ 1996ರಲ್ಲಿ ಅಮೆರಿಕದ ಹರ್ಷಿ ಪಟ್ಟಣದಲ್ಲಿ ಸಿಕ್ಕಿತು. ಆ ಪಟ್ಟಣದ ಹೆಸರುವಾಸಿ 'ಕಿಸ್' ಚಾಕೊಲೇಟಿನ ನೆನಪಿಗೆ ಆ ಹೆಸರು. ಧಾರವಾಡದಲ್ಲಿ ಸಿಕ್ಕಿದ್ದರೆ ಪೇಡಾ ಎಂದೇ ಕರೆಯುತ್ತಿದ್ದರೇನೋ. ಪ್ರಾಯಕ್ಕೂ ಇದಕ್ಕೂ ಇರುವ ನಂಟು ಗೊತ್ತಾದದ್ದು ಇನ್ನೂ ತಡವಾಗಿ, 2003ರಲ್ಲಿ.

ಇಷ್ಟನ್ನು ಕಾಕಾ ಅವರಿಗೆ ಹೇಳಲು ಹೋಗಲಿಲ್ಲ. ಅವರಿಗೆ ಬೇಕಾದ ವಿಷಯ ಇದಕ್ಕಿಂತ ಹತ್ತಿರದ್ದು, ಮತ್ತು ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು. ಪ್ರಾಯ ಮೂರನೆಯ ವರ್ಷದಲ್ಲಿ ಕಾಣಿಸಿಕೊಂಡರೂ ಅದರ ತೀರ್ಮಾನ ಬಹುಮಟ್ಟಿಗೆ ಮೊದಲ ವರ್ಷದಲ್ಲಿಯೇ ಆಗಿಬಿಟ್ಟಿರುತ್ತದೆ. ಮಾಂಸದ ತಳಿಯ ಕಡಸುಗಳ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ನಾಲ್ಕರಿಂದ ಎಂಟು ತಿಂಗಳ ನಡುವೆ ಹೊಟ್ಟೆ ತುಂಬ ತಿಂದು ಬೆಳೆದ ಕರುಗಳು ಆಮೇಲೆ ಸಾಧಾರಣ ಮೇವಿನಲ್ಲಿದ್ದರೂ ಬೇಗ ಬೆದೆಗೆ ಬಂದವು. ಆ ತಿಂಗಳುಗಳಲ್ಲಿ ಮಿದುಳಿನ ನರಗಳ ಹೆಣಿಗೆಯೇ ಬದಲಾಗುತ್ತದೆ. ಎಮ್ಮೆಯಲ್ಲಿ ಈ ಕಾಲ ತುಸು ಹಿಂದೆ ಮುಂದೆ ಆಗಬಹುದು, ಅದರ ಬೆಳವಣಿಗೆಯೇ ನಿಧಾನ. ಆದರೂ ಕಥೆಯ ತಿರುಳು ಬದಲಾಗುವುದಿಲ್ಲ.

ಈಗ ಇದನ್ನು ನಮ್ಮ ಊರಿನ ಪಂಚಾಂಗದ ಮೇಲೆ ಇಟ್ಟು ನೋಡಿ. ಎಮ್ಮೆಗಳು ಹೆಚ್ಚಾಗಿ ಈಯುವುದು ಮಳೆಗಾಲದಿಂದ ದೀಪಾವಳಿಯವರೆಗೆ. ಸೆಪ್ಟೆಂಬರಿನಲ್ಲಿ ಹುಟ್ಟಿದ ಕರುವಿಗೆ ನಾಲ್ಕು ತಿಂಗಳು ತುಂಬುವುದು ಸಂಕ್ರಾಂತಿಗೆ, ಎಂಟು ತುಂಬುವುದು ಮೇ ತಿಂಗಳಿಗೆ. ಅಂದರೆ ಹೊಟ್ಟೆ ತುಂಬಲೇಬೇಕಾದ ಕಾಲ ಬಣವೆ ಕರಗುವ ಕಾಲಕ್ಕೆ ಸರಿಯಾಗಿ ಬಂದು ಕೂರುತ್ತದೆ. ಹಸಿರು ಮುಗಿದಿರುತ್ತದೆ, ಹಾಲು ಬಿಡಿಸಿಯಾಗಿರುತ್ತದೆ, ಬಿಸಿಲು ಏರುತ್ತಿರುತ್ತದೆ. ಒಳ್ಳೆಯ ವರ್ಷದಲ್ಲಿಯೇ ಇದು ಕಷ್ಟ. 2024ರ ಬೇಸಿಗೆಯಲ್ಲಿ ಕೇಳುವುದೇ ಬೇಡ. ಆಗ ಕರುವಾಗಿದ್ದವುಗಳು ಈಗ ಸಂತೆಯಲ್ಲಿ ಎರಡು ಹಲ್ಲು ತೋರಿಸುತ್ತಿವೆ.

ಹಾಲು ಬಿಡಿಸುವ ಮೊದಲಾದರೂ ಎಲ್ಲ ಸರಿಯಿತ್ತೇ ಎಂದರೆ ಅದೂ ಇಲ್ಲ. ಕಸ, ಅಂದರೆ ಮಾಸು, ಬೀಳುವ ತನಕ ಗಿಣ್ಣ ಕುಡಿಸಬಾರದೆಂಬ ನಂಬಿಕೆ ಇನ್ನೂ ಅನೇಕ ಮನೆಗಳಲ್ಲಿ ಗಟ್ಟಿಯಾಗಿದೆ. ಹುಟ್ಟಿದ ಒಂದೆರಡು ತಾಸಿನಲ್ಲಿ ಕರುವಿನ ಹೊಟ್ಟೆಗೆ ಬೀಳಬೇಕಾದ ಗಿಣ್ಣ ತಡವಾಗುತ್ತದೆ. ಅಷ್ಟರೊಳಗೆ ಪಾತ್ರೆಯೊಂದು ಬೀಗರ ಮನೆಗೆ ಹೋಗಿರುತ್ತದೆ. ಆಮೇಲೆ ಹುಳ. ಎಮ್ಮೆಗರುವಿಗೆ ಒಂದು ದುಂಡುಹುಳ ತಾಯಿಯ ಹಾಲಿನಿಂದಲೇ ಬರುತ್ತದೆ. ಮೊದಲ ಎರಡು ವಾರದಲ್ಲಿ ಹುಳದ ಔಷಧ ಹಾಕದಿದ್ದರೆ ಕರು ಹೊಟ್ಟೆ ಡುಬ್ಬಾಗಿ, ರೋಮ ಒರಟಾಗಿ, ಬೆದರುಗೊಂಬೆಯಂತೆ ನಿಲ್ಲುತ್ತದೆ. ಸತ್ತರೆ ಲೆಕ್ಕಕ್ಕೆ ಸಿಗುತ್ತದೆ. ಬದುಕಿ ಉಳಿದು ಎರಡು ವರ್ಷ ತಡವಾಗಿ ಬೆದೆಗೆ ಬಂದರೆ ಆ ಹುಳದ ಹೆಸರು ಯಾರೂ ಎತ್ತುವುದಿಲ್ಲ.

ತಡವೆಂದರೆ ಎಷ್ಟು ನಷ್ಟ? ಒಂದು ಸಣ್ಣ ಗಣಿತ. ಹುಟ್ಟುವಾಗ 28 ಕಿಲೋ ಇರುವ ಕರು ಬೆದೆಗೆ ಬರಲು 270 ಕಿಲೋ ಆಗಬೇಕೆಂದರೆ 242 ಕಿಲೋ ಗಳಿಸಬೇಕು. ದಿನಕ್ಕೆ ಅರ್ಧ ಕಿಲೋ ಬೆಳೆದರೆ 484 ದಿನ, ಅಂದರೆ ಹದಿನಾರು ತಿಂಗಳು. ಕಾಲು ಕಿಲೋ ಬೆಳೆದರೆ 968 ದಿನ, ಮೂವತ್ತೆರಡು ತಿಂಗಳು. ಗಬ್ಬದ ಹತ್ತು ತಿಂಗಳು ಸೇರಿಸಿದರೆ ಒಂದು ಮಣಕ ಇಪ್ಪತ್ತಾರನೆಯ ತಿಂಗಳಿಗೆ ಈಯಬಹುದು, ಇನ್ನೊಂದು ನಲವತ್ತೆರಡನೆಯ ತಿಂಗಳಿಗೆ. ನಡುವಿನ ಹದಿನಾರು ತಿಂಗಳು ಎರಡನೆಯದು ತಿಂದು ಮಲಗುತ್ತದೆ ಅಷ್ಟೇ. ಕರುವಿಗೆ ಹಾಕದೆ ಉಳಿಸಿದ ಹಿಂಡಿಯ ದುಡ್ಡಿಗಿಂತ ಈ ಹದಿನಾರು ತಿಂಗಳ ಕಣಿಕೆಯ ದುಡ್ಡು ಎಷ್ಟೋ ಪಾಲು ದೊಡ್ಡದು. ಆದರೆ ಹಿಂಡಿಯ ದುಡ್ಡು ಅಂಗಡಿಯಲ್ಲಿ ಎಣಿಸಿ ಕೊಡಬೇಕು, ಕಣಿಕೆ ಹೊಲದಿಂದ ಬರುತ್ತದೆ; ಮನಸ್ಸಿಗೆ ಮೊದಲನೆಯದೇ ಚುಚ್ಚುತ್ತದೆ.

ಕಣಿಕೆಯ ಬಗ್ಗೆಯೂ ಒಂದು ಮಾತು. ಒಣ ಕಣಿಕೆ ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಅದರಲ್ಲಿ ಪ್ರೋಟೀನು ಬಹಳ ಕಡಿಮೆ, ರಂಜಕ ಇನ್ನೂ ಕಡಿಮೆ. ರಂಜಕ, ತಾಮ್ರ, ಸತು ಸಾಲದ ಮಣಕ ದುಂಡಗೆ ಕಂಡರೂ ಅಂಡಾಶಯ ಮಲಗಿರಬಹುದು. ಅಂಗಡಿಯಲ್ಲಿ ಸಿಗುವ ಖನಿಜ ಮಿಶ್ರಣದ ಪುಡಿಗೆ ಇರುವ ಬೆಲೆ ಇದೇ. ಶೇಂಗಾ ಹೊಟ್ಟು, ಕಡಲೆ ಹೊಟ್ಟು ಇದ್ದವರು ಪುಣ್ಯವಂತರು. ಈ ಭಾಗದಲ್ಲಿ ಹತ್ತಿಕಾಳಿನ ಮೋಹ ಜಾಸ್ತಿ. ದೊಡ್ಡ ಎಮ್ಮೆಗೆ ಅದು ಒಳ್ಳೆಯದೇ. ಆದರೆ ಮೆಲುಕು ಹಾಕಲು ಇನ್ನೂ ಸರಿಯಾಗಿ ಕಲಿಯದ ಎಳೆಗರುವಿಗೆ ಅದರಲ್ಲಿರುವ ಗಾಸಿಪಾಲ್ ಎಂಬ ಅಂಶ ವಿಷ, ಬೆಳೆಯುವ ಹೋರಿಗೆ ಹೆಚ್ಚು ತಿನ್ನಿಸಿದರೆ ವೀರ್ಯಾಣು ಕೆಡುತ್ತವೆ. ಇನ್ನು ಗೋವಿನಜೋಳ. ಹಾವೇರಿ ಜಿಲ್ಲೆಯ ಹೊಲಗಳ ತುಂಬ ಅದೇ. ಹೆಸರಿನಲ್ಲಿ ಗೋವಿದೆ, ಕಾಳು ಮಾತ್ರ ಕೋಳಿ ಆಹಾರದ ಕಾರ್ಖಾನೆಗೆ, ಎಥೆನಾಲಿಗೆ ಹೋಗುತ್ತದೆ, ಗೋವಿಗೆ ಉಳಿಯುವುದು ಕಟ್ಟಿಗೆಯಂಥ ದಂಟು. ಜೋಳದ ಹೊಲ ಕಡಿಮೆಯಾದಂತೆ ಕಣಿಕೆಯ ಬಣವೆಯೂ ಕುಗ್ಗಿತು.

ಕೋಳಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಅವುಗಳ ಲೋಕದಲ್ಲಿ ಬೆಳಕೇ ಯಜಮಾನ. ಹಗಲು ಉದ್ದವಾದ ಹಾಗೆ ಹಕ್ಕಿಯ ಅಂಡಾಶಯ ಎಚ್ಚರಗೊಳ್ಳುತ್ತದೆ. ಬೆಳಕು ಕಣ್ಣಿನಿಂದಷ್ಟೇ ಅಲ್ಲ, ತಲೆಬುರುಡೆಯ ಮೂಲಕವೂ ಹಕ್ಕಿಯ ಮಿದುಳನ್ನು ಮುಟ್ಟುತ್ತದೆ. ಮೊಟ್ಟೆ ಕೋಳಿಯ ಶೆಡ್ಡಿನಲ್ಲಿ ರಾತ್ರಿ ಬಲ್ಬು ಉರಿಯುವುದು ಇದಕ್ಕೇ. ಹಾಗೆಂದು ಮೈ ಬಲಿಯುವ ಮೊದಲೇ ಬಲ್ಬು ಹೆಚ್ಚಿಸಿದರೆ ಪುಟ್ಟ ಮೊಟ್ಟೆ, ಹೊರಬಂದ ಗರ್ಭಕೋಶ, ಸತ್ತ ಕೋಳಿ. ಬೇಗ ಬಂದದ್ದೆಲ್ಲ ಲಾಭವಲ್ಲ. ಕಡಸಿಗೂ ಇದೇ ಮಾತು: ಮೊದಲ ಬೆದೆಗೇ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಹಾಕಿಸಿ ಗಬ್ಬ ಮಾಡಿದರೆ ಹೆರಿಗೆಯಲ್ಲಿ ಕರು ಸಿಕ್ಕಿಕೊಳ್ಳುವ ಭಯ, ತಾಯಿ ಅಲ್ಲಿಗೇ ಕುಳ್ಳಗಾಗಿ ನಿಲ್ಲುವ ಭಯ. ಒಂದೆರಡು ಬೆದೆ ಬಿಟ್ಟು ತೂಕ ನೋಡಿ ಹಾಕಿಸುವುದು ಜಾಣತನ.

ಎಮ್ಮೆಗೂ ಹಗಲಿನ ಅಳತೆ ತಿಳಿಯುತ್ತದೆ. ಹಗಲು ಕುಗ್ಗುವಾಗ ಅದು ಬೆದೆಗೆ ಬರುವುದು ಹೆಚ್ಚು. ಆದರೆ ಉತ್ತರ ಭಾರತದ ಎಮ್ಮೆಯ ಪುಸ್ತಕವನ್ನು ಇಲ್ಲಿ ತೆರೆದು ಕೂರಬಾರದು. ಧಾರವಾಡದಲ್ಲಿ ಜೂನ್‌ನ ಅತಿ ದೊಡ್ಡ ಹಗಲಿಗೂ ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಎರಡು ತಾಸಿನ ಅಂತರವೂ ಇಲ್ಲ. ಇಲ್ಲಿ ಬೇಸಿಗೆಯಲ್ಲಿ ಎಮ್ಮೆ ತಣ್ಣಗಾಗುವುದಕ್ಕೆ ಬೆಳಕಿಗಿಂತ ಬಿಸಿಲೇ ಹೆಚ್ಚು ಕಾರಣ. ಕಪ್ಪು ಚರ್ಮ, ಕಡಿಮೆ ಬೆವರು. ಕೆರೆಯಲ್ಲಿ ಹೊರಳಿದರೆ ಮಾತ್ರ ಸುಖ. ಕೆರೆ ಬತ್ತಿ, ತಗಡಿನ ಶೆಡ್ಡಿನಲ್ಲಿ ನಿಂತ ಮಣಕಕ್ಕೆ ಉಸಿರಾಡುವುದೇ ಒಂದು ಕೆಲಸ.

ಇನ್ನೊಂದು ಸಂಗತಿಯನ್ನು ನಾವು ಗಮನಿಸದೆ ಕಳೆದುಕೊಂಡಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಹಿಂದೆ ಊರಿಗೊಂದು ಕೋಣ ಇರುತ್ತಿತ್ತು, ಊರದೇವತೆ ದ್ಯಾಮವ್ವನ ಹೆಸರಿನಲ್ಲಿ ಬಿಟ್ಟದ್ದು. ಯಾರ ಹೊಲಕ್ಕಾದರೂ ಬಾಯಿ ಹಾಕುತ್ತಿತ್ತು, ಯಾರೂ ಹೊಡೆಯುತ್ತಿರಲಿಲ್ಲ. ಕೃತಕ ಗರ್ಭಧಾರಣೆ ಬಂದ ಮೇಲೆ ಕೋಣದ ಕೆಲಸ ನಳಿಕೆಯೊಳಗೆ ಸೇರಿತು. ಆದರೆ ಗಂಡಿನ ಇರುವಿಕೆಯೇ ಹೆಣ್ಣಿನ ಪ್ರಾಯವನ್ನು ಬೇಗ ತರುತ್ತದೆಂದು 1967ರಲ್ಲಿ ವಿಜ್ಞಾನಿ ವ್ಯಾಂಡೆನ್‌ಬರ್ಗ್ ಇಲಿಗಳಲ್ಲಿ ತೋರಿಸಿದರು. ಕೆಲಸ ಮಾಡುವುದು ಗಂಡಿನ ಮೂತ್ರದ ವಾಸನೆ. ಕುರಿ ಹಿಂಡಿಗೆ ಟಗರು ಬಿಟ್ಟಾಗ, ಎಳೆಯ ಹಂದಿಗಳ ಬಳಿ ಗಂಡು ಹಂದಿ ಕಟ್ಟಿದಾಗ ಆಗುವುದೂ ಅದೇ. ಎಮ್ಮೆಯಲ್ಲಿ ಪರಿಣಾಮ ಇಲಿಯಷ್ಟು ಚೊಕ್ಕವಲ್ಲ. ಆದರೂ ಕೋಣಕ್ಕೆ ಇನ್ನೊಂದು ಉಪಯೋಗವಿತ್ತು: ಬೆದೆಯನ್ನು ಪತ್ತೆ ಹಚ್ಚುವುದು. ಮಣಕದ ಮೊದಲ ಬೆದೆ ಬಹುಪಾಲು ಮೂಕ ಬೆದೆ. ಒಳಗೆ ಅಂಡ ಬಿಡುಗಡೆಯಾಗಿರುತ್ತದೆ, ಹೊರಗೆ ಕೂಗಿಲ್ಲ, ಹಾರಾಟವಿಲ್ಲ. ಎಮ್ಮೆ ಮೊದಲೇ ನಾಚಿಕೆಯ ಪ್ರಾಣಿ, ಏನಾದರೂ ತೋರಿಸಿದರೂ ನಡುರಾತ್ರಿಯ ತಂಪಿನಲ್ಲಿ. ಕೋಣದ ಮೂಗಿಗೆ ಅದು ತಿಳಿಯುತ್ತಿತ್ತು; ನಿದ್ದೆಗಣ್ಣಿನ ಯಜಮಾನನಿಗೆ ತಿಳಿಯುವುದಿಲ್ಲ. ಹಾಗಾಗಿ 'ಬೆದೆಗೇ ಬಂದಿಲ್ಲ' ಎಂಬ ಮಣಕಗಳಲ್ಲಿ ಕೆಲವು ಬಂದು ಹೋಗಿರುತ್ತವೆ.

ಜೊತೆಗಾರರು ಪ್ರಾಯವನ್ನು ತಡವೂ ಮಾಡುತ್ತಾರೆ. ದಕ್ಷಿಣ ಆಫ್ರಿಕದ ಪಿಲಾನೆಸ್‌ಬರ್ಗ್‌ನಲ್ಲಿ ಹಿರಿಯರಿಲ್ಲದೆ ಬೆಳೆದ ಅನಾಥ ಗಂಡಾನೆಗಳು ಎಳೆಯ ವಯಸ್ಸಿಗೇ ಮದವೇರಿ 1990ರ ದಶಕದಲ್ಲಿ ನಲವತ್ತಕ್ಕೂ ಹೆಚ್ಚು ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಆರು ಹಿರಿಯ ಸಲಗಗಳನ್ನು ತಂದು ಬಿಟ್ಟ ಮೇಲೆ ಹುಡುಗರ ಮದ ಇಳಿಯಿತು, ಕೊಲೆ ನಿಂತಿತು. ಕಟ್ಟೆಯ ಮೇಲೆ ಕೂರುವ ನಮ್ಮ ಹಿರಿಯರಿಗೆ ಇದನ್ನು ಹೇಳಿದರೆ ಬಹಳ ಸಂತೋಷಪಟ್ಟಾರು.

ಮತ್ತೆ ನಮ್ಮ ಕೊಟ್ಟಿಗೆಗೆ. ಧಾರವಾಡಿ ಎಮ್ಮೆಗೆ ಇತ್ತೀಚೆಗೆ ರಾಷ್ಟ್ರಮಟ್ಟದಲ್ಲಿ ಪ್ರತ್ಯೇಕ ತಳಿಯ ಮಾನ್ಯತೆ ಸಿಕ್ಕಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಶ್ರಮ ಅದರ ಹಿಂದಿದೆ. ಪೇಡಾಕ್ಕೆ ಹಾಲು ಕೊಟ್ಟ ಎಮ್ಮೆಗೆ ತಡವಾಗಿಯಾದರೂ ಹೆಸರು ಬಂತು. ಗದಗದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ತಳಿ ಉಳಿಸುವ ಮಾತು ಬಂದಾಗಲೆಲ್ಲ ನಾವು ಕೋಣದ ವೀರ್ಯದ ಬಗ್ಗೆ, ಹೆಣ್ಣುಗರುವನ್ನೇ ಕೊಡುವ ಬೇರ್ಪಡಿಸಿದ ವೀರ್ಯದ ಬಗ್ಗೆ ಉತ್ಸಾಹದಿಂದ ಮಾತನಾಡುತ್ತೇವೆ. ಆ ಹೆಣ್ಣುಗರು ಹುಟ್ಟಿದ ಮೇಲೆ ಏನು ತಿನ್ನುತ್ತದೆ ಎಂಬುದು ಯಾರ ಕಡತದಲ್ಲಿಯೂ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ. ಸರ್ಕಾರ ಲೀಟರಿಗೆ ಇಷ್ಟೆಂದು ಪ್ರೋತ್ಸಾಹಧನ ಕೊಡುತ್ತದೆ, ಡೇರಿ ಜಿಡ್ಡಿನ ಅಂಶ ನೋಡಿ ದರ ಕೊಡುತ್ತದೆ. ಎಲ್ಲ ಲೆಕ್ಕವೂ ಕ್ಯಾನಿಗೆ ಬಿದ್ದ ಹಾಲಿನ ಮೇಲೆ. ಕರು ಕುಡಿದ ಲೀಟರು ರೈತನ ಪಾಲಿಗೆ ಕಳೆದುಹೋದ ಲೀಟರು. ಹೀಗಿರುವಾಗ ಕರುವಿಗೆ ಒಂದು ಮೊಲೆ ಬಿಡಿ ಎಂದು ಉಪದೇಶ ಮಾಡಿದರೆ ಯಾರು ಕೇಳುತ್ತಾರೆ? ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆಂದೇ ಸಂಕ್ರಾಂತಿಯಿಂದ ಮೇವರೆಗೆ ಹಿಂಡಿ, ಖನಿಜದ ಪುಡಿ ಕೊಡುವ ಏರ್ಪಾಡಾದರೆ, ಬರದ ವರ್ಷದಲ್ಲಿ ಮೇವು ಹಂಚುವಾಗ ಕರುವನ್ನೂ ಒಂದು ತಲೆಯೆಂದು ಎಣಿಸಿದರೆ, ಮೂರನೆಯ ವರ್ಷದಲ್ಲಿ ಹಾರ್ಮೋನಿನ ಇಂಜೆಕ್ಷನ್ನಿಗೆ ಸುರಿಯುವ ದುಡ್ಡಿಗಿಂತ ಕಡಿಮೆಯಲ್ಲಿ ಕೆಲಸ ಆದೀತು. ತೂಕವೇ ಇಲ್ಲದ ಮೈಗೆ ಆ ಇಂಜೆಕ್ಷನ್ ಹಾಕುವುದು ಬೀಜವಿಲ್ಲದ ಹೊಲಕ್ಕೆ ನೀರು ಬಿಟ್ಟ ಹಾಗೆ.

ಕಾಕಾ ಅವರ ಮಣಕ ಆಕಳಿನದಲ್ಲ, ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ್ದೂ ಅಲ್ಲ. ಹಾಗೆ ಹುಟ್ಟಿದ ಹೆಣ್ಣುಗರು ಬಹುಪಾಲು ಬಂಜೆಯೇ, ಅದಕ್ಕೆ ಎಷ್ಟು ಮೇವು ಹಾಕಿದರೂ ಅಷ್ಟೇ. ಆ ಅನುಮಾನ ಕಳೆದ ಮೇಲೆ ಉಳಿದದ್ದು ತೂಕ. ತಕ್ಕಡಿ ಎಲ್ಲಿಂದ ತರುವುದು? ಕಾಕಿಯ ಹೊಲಿಗೆ ಯಂತ್ರದ ಡಬ್ಬಿಯಿಂದ ದರ್ಜಿಯ ಟೇಪು ತರಿಸಿದೆ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಹಿಂಭಾಗದ ಮೂಳೆಯವರೆಗೆ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ಸಿಗುತ್ತದೆ.

ಮೊದಲು ತಾಯಿ ಎಮ್ಮೆಗೆ ಟೇಪು ಹಿಡಿದೆವು. ಸುತ್ತಳತೆ 72, ಉದ್ದ 54. ಮೊಬೈಲು 424 ಎಂದಿತು. ಮಗಳು 270ರ ಹತ್ತಿರ ಇರಬೇಕು. ಮಣಕ ಟೇಪಿನ ತಣ್ಣನೆಗೆ ಬೆಚ್ಚಿ ಎರಡು ಸಲ ಒದೆಯಿತು. ಮೂರನೆಯ ಸಲ ಕಾಕಾ ಹಣೆ ಕೆರೆಯುತ್ತ ನಿಂತಾಗ ಸುಮ್ಮನಾಯಿತು. ಸುತ್ತಳತೆ 54, ಉದ್ದ 46. ಮೊಬೈಲಿನಲ್ಲಿ 203 ಬಂತು.

ಕಾಕಾ ನಂಬಲಿಲ್ಲ, ಮತ್ತೊಮ್ಮೆ ಅಳೆಸಿದರು. ಅಷ್ಟೇ ಬಂತು. ದಿನಕ್ಕೆ 400 ಗ್ರಾಂ ಏರಿದರೆ ಇನ್ನೂ ಐದೂವರೆ ತಿಂಗಳು ಎಂದೆ. ಹಿಂಡಿ, ಖನಿಜದ ಪುಡಿ, ಹುಳದ ಔಷಧ ಎಲ್ಲ ಬರೆದುಕೊಂಡರು. ಬರೆದ ಚೀಟಿಯನ್ನು ಕಿಸೆಗೆ ಹಾಕುವಾಗ ಅವರ ಕಣ್ಣು ಗೋದಲಿಯ ಆಚೆ ಹೋಯಿತು. ಅಲ್ಲಿ, ಸಣ್ಣ ಹಗ್ಗದಲ್ಲಿ ಕಟ್ಟಿದ ಐದು ತಿಂಗಳ ಹೆಣ್ಣುಗರು ಉದುರಿದ ಕಣಿಕೆಯ ಚೂರುಗಳನ್ನು ಹೆಕ್ಕುತ್ತಿತ್ತು.

'ಟೇಪು ಇನ್ನೂ ನಿನ್ನ ಕೈಯಲ್ಲೇ ಇದೆಯೇನು ತಮ್ಮಾ?' ಎಂದರು.